ಬೆರಳಚ್ಚಿನ ಇಂಗ್ಲಿಷು ಮತ್ತು ಮುಂಬಯಿಯ ಕನ್ನಡ ಕಥನ

ಮುಂಬಯಿಯ ಮಾಟುಂಗಕ್ಕೆ ವಿದ್ಯಾಕ್ಷೇತ್ರವೆಂಬ ಖ್ಯಾತಿ ಪ್ರಾಪ್ತವಾದುದು ಅಲ್ಲಿ ವಿಶಾಲವಾದ ಅಂಗಳಗಳನ್ನು ಆವರಿಸಿ ನಿಂತಿರುವ ಮಹಾಸಂಸ್ಥೆಗಳಿಂದ ಎಂದು ಹೇಳುವುದು ರೂಢಿ. 1887ರಲ್ಲಿ ಸ್ಥಾಪಿತವಾಗಿ 1923ರಲ್ಲಿ ಭಾಯಖಳಾದಿಂದ ಇಲ್ಲಿಗೆ ಬಂದು ನೆಲೆಸಿದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯ, ಮುಂಬಯಿ ವಿಶ್ವವಿದ್ಯಾಲಯವು 1933ರಲ್ಲಿ ಆರಂಭಿಸಿದ ರಾಸಾಯನಿಕ ತಂತ್ರಜ್ಞಾನ ವಿಭಾಗ, 1937ರಲ್ಲಿ ಬಾಗಿಲು ತೆರೆದ ರುಯಿಯಾ ಮತ್ತು ಖಾಲ್ಸಾ ಕಾಲೇಜುಗಳು, ಇವೆಲ್ಲವೂ ಆ ಖ್ಯಾತಿಗೆ ಪಾಲುದಾರರೆಂಬುದು ನಿರ್ವಿವಾದವಾದ ಮಾತು. ಆದರೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಹೊಟ್ಟೆಪಾಡನ್ನು ಅರಸಿ ಈ ಮಹಾನಗರದಲ್ಲಿ ಬಂದಿಳಿದ ಕನ್ನಡ ತರುಣರಲ್ಲಿ ಬಹುಮಂದಿಗೆ, ಅವರ ಅನ್ನಕ್ಕೆ ಬೇಕಾದಷ್ಟು ಇಂಗ್ಲಿಷನ್ನು ಕಲಿಸಿದ ಪಾಠಶಾಲೆ ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಅವರ ಪಾಠಶಾಲೆ ಯಾವುದೋ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿಹೋದರೆ ಸಿಕ್ಕುವ ಒಂದೇ ಕೋಣೆಯಲ್ಲಿ, ಸಾಲಾಗಿ ಇರಿಸಿದ ಹಳೆಯ ರೆಮಿಂಗ್ಟನ್ ಯಂತ್ರಗಳ ಮುಂದೆ, ಗಂಟೆಗಿಷ್ಟು ಎಂದು ತಿಂಗಳ ಶುಲ್ಕವನ್ನು ಗೊತ್ತುಮಾಡಿ ನಡೆಯುತ್ತಿದ್ದ ಟೈಪಿಂಗ್ ಕ್ಲಾಸು. ಭಾಷಾಬೋಧನೆಯಲ್ಲಿ ತಂತ್ರಜ್ಞಾನವೆಂಬುದು ನಮ್ಮ ಕಾಲದಲ್ಲಿ, ಮೊಬೈಲಿನೊಡನೆ ಬಂದ ಹೊಸ ವಸ್ತುವೆಂದು ಭಾವಿಸುವವರು ಈ ಕೋಣೆಯನ್ನು ಮರೆತಿರುತ್ತಾರೆ.

ಮಾಟುಂಗವು ನಗರದ ಪ್ರಾಚೀನ ಭಾಗವೇನೂ ಅಲ್ಲ. 1896ರ ಪ್ಲೇಗಿನ ಹಾವಳಿಯ ತರುವಾಯ, ಇಕ್ಕಟ್ಟಾದ ಹಳೆಯ ಕೇರಿಗಳೇ ರೋಗದ ತವರೆಂದು ಮನಗಂಡ ಸರಕಾರವು 1898ರಲ್ಲಿ ನಗರಸುಧಾರಣಾ ಟ್ರಸ್ಟನ್ನು ನಿರ್ಮಿಸಿ, ಅದರ ಮೂಲಕ ದಾದರ, ಮಾಟುಂಗ, ವಡಾಲಗಳ ಗದ್ದೆಬಯಲುಗಳಲ್ಲಿ ಅಳತೆಗೋಲು ಹಿಡಿದು ಬೀದಿಗಳನ್ನು ಹಾಕಿಸಿತು. ಆ ಬೀದಿಗಳಲ್ಲಿ ಮನೆಗಳು ಎದ್ದುನಿಂತ ಕಾಲಕ್ಕೆ ಸರಿಯಾಗಿ ದಕ್ಷಿಣದ ಗುಮಾಸ್ತರು ಕುಟುಂಬಸಮೇತರಾಗಿ ಬಂದು ಸೇರಿದರು. ಅವರ ಹಿಂದೆಯೇ ಅವರ ದೇವರು, ಅವರ ಹೂವಿನ ಅಂಗಡಿ, ಅವರ ಕಾಫಿಪುಡಿ, ಅವರ ಊಟದ ಮನೆ ಇವೂ ಬಂದವು. ಭಾವು ದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಶನ್ 1926ರಲ್ಲಿ ಸ್ಥಾಪಿತವಾದ ಸಂಸ್ಥೆ; ರೈಲ್ವೆ ನಿಲ್ದಾಣದ ಸಮೀಪದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಯೆಲೆಯ ಊಟವನ್ನು ಬಡಿಸುತ್ತ ಬಂದಿದೆ. ಬೆಳಿಗ್ಗೆ ಇಂಥ ಖಾನಾವಳಿಯಲ್ಲಿ ಉಂಡು, ಹಗಲು ಕೋಟೆ (ಫೋರ್ಟ್) ಪ್ರದೇಶದ ಆಫೀಸಿನಲ್ಲಿ ದುಡಿದು, ಸಂಜೆ ಟೈಪಿಂಗ್ ಕ್ಲಾಸಿನಲ್ಲಿ ಕೂತು, ರಾತ್ರಿ ನಾಲ್ವರು ಕೂಡಿ ಬಾಡಿಗೆಗೆ ಹಿಡಿದ ಕೋಣೆಗೆ ಮರಳುವ ಅವಿವಾಹಿತ ತರುಣನ ದಿನಚರಿಯನ್ನು ಈ ಒಂದು ಬಡಾವಣೆಯ ಸುತ್ತಲೇ ಬಹುಮಟ್ಟಿಗೆ ಕಲ್ಪಿಸಿಕೊಳ್ಳಬಹುದು.

ಅವನು ಅಲ್ಲಿ ಕಲಿಯುತ್ತಿದ್ದುದಾದರೂ ಏನು? ಮೊದಲ ದಿನ ಎಡಗೈಯ ಕಿರುಬೆರಳಿನಿಂದ ಎ, ಉಂಗುರದ ಬೆರಳಿನಿಂದ ಎಸ್, ನಡುಬೆರಳಿನಿಂದ ಡಿ, ತೋರುಬೆರಳಿನಿಂದ ಎಫ್ ಎಂದು ಅರ್ಥವಿಲ್ಲದ ಅಕ್ಷರಪಂಕ್ತಿಗಳನ್ನು ಪುಟಗಟ್ಟಲೆ ಒತ್ತುವುದು. ಅನಂತರ ಕಣ್ಣು ಕೀಲಿಗಳ ಮೇಲೆ ಬೀಳದಂತೆ ಅಭ್ಯಾಸಮಾಡುವುದು. ಸಾಲು ಮುಗಿಯುವ ಮುನ್ನ ಟಿಣ್ಣೆಂದು ಗಂಟೆ ಬಾರಿಸಿದೊಡನೆ ಹಿಡಿಕೆಯನ್ನು ತಳ್ಳಿ ಗಾಡಿಯನ್ನು ಮರಳಿಸುವುದು. ಕಟ್ಟಕಡೆಗೆ ಸರಕಾರಿ ವಾಣಿಜ್ಯ ಪರೀಕ್ಷೆಯಲ್ಲಿ ನಿಮಿಷಕ್ಕೆ 30, ತರುವಾಯ 40 ಶಬ್ದಗಳ ವೇಗವನ್ನು ಸಾಧಿಸುವುದು. ಇದನ್ನು ಭಾಷಾಕಲಿಕೆಯೆನ್ನುವುದು ಸರಿಯೇ ಎಂದು ಪಂಡಿತರು ಹುಬ್ಬೇರಿಸಬಹುದು. ಆದರೆ ಕನ್ನಡದ ಹುಡುಗನಿಗೆ ಇಂಗ್ಲಿಷು ಒಡ್ಡುವ ಮೊದಲನೆಯ ಅಡ್ಡಗೋಡೆ ಯಾವುದೆಂಬುದನ್ನು ನೆನೆಯಬೇಕು. ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಅಕ್ಷರಾಭ್ಯಾಸವಾದವನಿಗೆ, ಉಚ್ಚಾರಣೆಯೊಂದು ಬರಹವೊಂದು ಎಂಬ ಆ ಭಾಷೆಯ ಕಾಗುಣಿತವು ಅನ್ಯಾಯವೆಂದೇ ತೋರುತ್ತದೆ. ಬೆರಳಚ್ಚು ಯಂತ್ರವು ಈ ವ್ಯಾಜ್ಯವನ್ನು ಕಿವಿಯ ನ್ಯಾಯಾಲಯದಿಂದ ತೆಗೆದು ಬೆರಳಿನ ವಶಕ್ಕೆ ಒಪ್ಪಿಸಿತು. ಒಂದು ಶಬ್ದದ ಕಾಗುಣಿತವೆಂದರೆ ಬೆರಳುಗಳು ಹಿಡಿಯಬೇಕಾದ ಒಂದು ಹಾದಿ. ಆ ಹಾದಿಯಲ್ಲಿ ಸಾವಿರ ಸಲ ನಡೆದ ಮೇಲೆ ಏಕೆ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ನಾಲಗೆಯಲ್ಲಿ ಎಡವುವ ಶಬ್ದವನ್ನು ಕೈ ನಿರರ್ಗಳವಾಗಿ ಒತ್ತುವ ಒಂದು ವಿಚಿತ್ರ ಪ್ರಾವೀಣ್ಯ ಹೀಗೆ ಹುಟ್ಟಿತು.

ಅದೇ ಮಾಳಿಗೆಯಲ್ಲಿ ಬೆರಳಚ್ಚಿನ ಜೊತೆಗೆ ಕಲಿಸುತ್ತಿದ್ದ ಶೀಘ್ರಲಿಪಿಯ ಕಥೆ ಇದಕ್ಕೆ ತೀರ ವಿಪರೀತವಾದುದು, ಮತ್ತು ನನ್ನ ಎಣಿಕೆಯಲ್ಲಿ ಇನ್ನೂ ಸ್ವಾರಸ್ಯವುಳ್ಳದ್ದು. 1837ರಲ್ಲಿ ಐಸಾಕ್ ಪಿಟ್ಮನ್ ಪ್ರಕಟಿಸಿದ ಪದ್ಧತಿಯು ಕಾಗುಣಿತವನ್ನು ಪೂರ್ಣವಾಗಿ ಬದಿಗೊತ್ತಿ ಧ್ವನಿಯನ್ನು ಮಾತ್ರ ಬರೆಯುತ್ತದೆ. ಅದರಲ್ಲಿ ಪಕಾರಕ್ಕೆ ತೆಳುವಾದ ಓರೆಗೀಟು, ಅದೇ ಗೀಟನ್ನು ಒತ್ತಿ ದಪ್ಪಗೆ ಎಳೆದರೆ ಬಕಾರ. ಟಕಾರಕ್ಕೆ ತೆಳುವಾದ ನೆಟ್ಟನೆಯ ಗೀಟು, ದಪ್ಪವಾದರೆ ಡಕಾರ. ಚಕಾರಕ್ಕೂ ಜಕಾರಕ್ಕೂ, ಅಡ್ಡಗೀಟಿನ ಕಕಾರಕ್ಕೂ ಗಕಾರಕ್ಕೂ ಇದೇ ಸಂಬಂಧ. ಆಂಗ್ಲ ವಿದ್ಯಾರ್ಥಿಗೆ ಇದು ಹೊಸದಾಗಿ ಕಲಿಯಬೇಕಾದ ವಿಂಗಡಣೆ. ಕನ್ನಡದ ವಿದ್ಯಾರ್ಥಿಯಾದರೋ ಇದನ್ನು ಮಗ್ಗಿಯೊಡನೆಯೇ ಕಲಿತಿರುತ್ತಾನೆ. ವರ್ಗೀಯ ವ್ಯಂಜನಗಳಲ್ಲಿ ಪರುಷವೆಂದೂ ಸರಳವೆಂದೂ ಕೇಶಿರಾಜನ ಕಾಲದಿಂದ ವೈಯಾಕರಣರು ಎಣಿಸಿಕೊಂಡು ಬಂದುದು, ಮಳೆಯೂ ಕಾಲವೂ ಸೇರಿ ಮಳೆಗಾಲವಾಗುವಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬರುವ ಸಂಧಿಸೂತ್ರವೆಂದು ಶಾಲೆಯ ಮೇಷ್ಟರು ಉರುಹೊಡೆಸಿದುದು, ಇದನ್ನೇ ಅಲ್ಲವೆ? ದಕ್ಷಿಣದವರು ಶೀಘ್ರಲಿಪಿಯಲ್ಲಿ ಜಾಣರೆಂಬ ಮಾತು ಮುಂಬಯಿಯ ಆಫೀಸುಗಳಲ್ಲಿ ಹಬ್ಬಿದ್ದಕ್ಕೆ ಬಡತನ, ಮೆಟ್ರಿಕ್ಕಿನವರೆಗಿನ ಓದು, ದುಡಿಯದೆ ಗತ್ಯಂತರವಿಲ್ಲದಿರುವಿಕೆ ಇವು ಮುಖ್ಯ ಕಾರಣಗಳೆಂಬುದು ನಿಜ. ಆದರೂ ಅಕ್ಷರಮಾಲೆಯೇ ಧ್ವನಿಶಾಸ್ತ್ರವಾಗಿರುವ ಜನರಿಗೆ ಪಿಟ್ಮನ್ ಅಷ್ಟೇನೂ ಪರಕೀಯನಾಗಿರಲಿಲ್ಲ ಎಂದು ಊಹಿಸುವುದು ತಪ್ಪಾಗಲಾರದು.

ಆದರೆ ಈ ಯಂತ್ರಶಿಕ್ಷಣವು ಮಾತನಾಡುವುದನ್ನು ಕಲಿಸಲಿಲ್ಲ. ದೊರೆ ಹೇಳಿದುದನ್ನು ಬರೆದುಕೊಂಡು, ಅಚ್ಚುಮಾಡಿ, ಸಹಿಗಾಗಿ ಮುಂದಿರಿಸುವುದಷ್ಟೇ ಸ್ಟೆನೋವಿನ ಧರ್ಮ. ಅವನ ಮೂಲಕ ದಿನವೊಂದಕ್ಕೆ ಸಾವಿರಾರು ಇಂಗ್ಲಿಷ್ ಶಬ್ದಗಳು ಹಾದುಹೋಗುತ್ತಿದ್ದವು. ಅವುಗಳಲ್ಲಿ ಒಂದೂ ಅವನದಲ್ಲ. ಕಲಿತ ಪತ್ರಲೇಖನದ ಮಾದರಿಗಳಲ್ಲಿ ಅವನು ತನ್ನ ಪರವಾಗಿ ಬರೆಯಬಹುದಾಗಿದ್ದುದು ರಜೆಯ ಅರ್ಜಿ ಮತ್ತು ನೌಕರಿಯ ಅರ್ಜಿ. ಎರಡರ ಕೊನೆಯಲ್ಲಿಯೂ ತಮ್ಮ ಅತ್ಯಂತ ವಿಧೇಯ ಸೇವಕನೆಂಬ ಒಕ್ಕಣೆ. ವಸಾಹತು ಆಳ್ವಿಕೆ 1947ರಲ್ಲಿ ಮುಗಿದರೂ ಈ ಒಕ್ಕಣೆಯು ಆ ದಿನವೇ ಮುಗಿಯಲಿಲ್ಲ. ಸ್ವತಂತ್ರ ಭಾರತವು 1955ರಲ್ಲಿ ತನ್ನದೇ ಬೆರಳಚ್ಚು ಯಂತ್ರವನ್ನು, ಇದೇ ನಗರದ ವಿಕ್ರೋಳಿಯಲ್ಲಿ ಗೋದ್ರೆಜ್ ಕಾರ್ಖಾನೆಯಲ್ಲಿ, ತಯಾರಿಸಿಕೊಂಡಿತು. ಅದರಲ್ಲಿ ಒತ್ತುತ್ತಿದ್ದ ಪತ್ರಗಳ ಧಾಟಿ ಮಾತ್ರ ಬಹುಕಾಲ ಹಳೆಯದೇ ಆಗಿತ್ತು.

ಟೈಪಿಂಗ್ ಕ್ಲಾಸಿನ ಮೆಟ್ಟಿಲನ್ನೂ ಹತ್ತಲಾರದವರಿಗೆ ರಾತ್ರಿಶಾಲೆಗಳಿದ್ದವು. ಮೊಗವೀರ ಸಮಾಜದವರು 1908ರಷ್ಟು ಹಿಂದೆಯೇ ತಮ್ಮ ರಾತ್ರಿಶಾಲೆಯನ್ನು ಈ ನಗರದಲ್ಲಿ ತೆರೆದರು. ತರುವಾಯ ಬೇರೆ ಬೇರೆ ಸಮಾಜಗಳೂ ಅದೇ ದಾರಿಯನ್ನು ಹಿಡಿದವು. ಹಗಲೆಲ್ಲ ಲೋಟ ತೊಳೆದ ಹೋಟೇಲ್ ಹುಡುಗ, ರಾತ್ರಿ ಕಣ್ಣು ಎಳೆಯುತ್ತಿರುವಾಗ ಕನ್ನಡ ಮಾಧ್ಯಮದಲ್ಲಿ ಇಂಗ್ಲಿಷನ್ನು ಕಲಿತು, ಮೆಟ್ರಿಕ್ ಮುಗಿಸಿ, ಗಲ್ಲೆಯ ಮೇಲೆ ಕೂತು, ಮುಂದೆ ತನ್ನದೇ ಹೋಟೇಲನ್ನು ತೆರೆದ ಉದಾಹರಣೆಗಳು ಕರಾವಳಿಯ ಪ್ರತಿಯೊಂದು ಊರಿನಲ್ಲಿಯೂ ಸಿಕ್ಕುತ್ತವೆ. ಅವುಗಳ ಪುರಾಣವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಇಂಗ್ಲಿಷ್ ಬೋಧನೆಯ ಶಾಸ್ತ್ರವು ಇದೇ ವೇಳೆಗೆ ಬೇರೊಂದು ದಿಕ್ಕಿನಲ್ಲಿ ಸಾಗಿತ್ತು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯು ಸ್ಥಾಪಿತವಾಗಲು, ಅದರ ನಿರ್ದೇಶಕ ಪದವಿಯನ್ನು ಕನ್ನಡದ ಕವಿ ವಿನಾಯಕ ಕೃಷ್ಣ ಗೋಕಾಕರು ಬಹು ವರ್ಷ ನಿರ್ವಹಿಸಿದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ಪ್ರಯೋಗವಂತೂ ಜಗತ್ತಿನ ಇಂಗ್ಲಿಷ್ ಅಧ್ಯಾಪಕರೆಲ್ಲ ಬಲ್ಲ ಸಂಗತಿ. ವ್ಯಾಕರಣದ ರೂಪಗಳನ್ನು ಅನುಕ್ರಮವಾಗಿ ಉರುಹೊಡೆಸುವುದರ ಬದಲು, ರೈಲಿನ ವೇಳಾಪಟ್ಟಿಯನ್ನೋ ಊರಿನ ನಕ್ಷೆಯನ್ನೋ ಮುಂದಿರಿಸಿ, ಇಷ್ಟು ಗಂಟೆಗೆ ಹೊರಟವನು ಎಲ್ಲಿ ಯಾವಾಗ ತಲಪುವನೆಂಬ ಸಮಸ್ಯೆಯನ್ನು ಇಂಗ್ಲಿಷಿನಲ್ಲಿಯೇ ಬಿಡಿಸಹೇಳಿದರೆ, ಮನಸ್ಸು ಅರ್ಥದಲ್ಲಿ ನೆಟ್ಟಿರುವಾಗ ರೂಪವು ತಾನಾಗಿ ಒಳಗಿಳಿಯುತ್ತದೆಂಬುದು ಅವರ ಪ್ರತಿಪಾದನೆ. ಅದಕ್ಕೆ ಯಂತ್ರವೇ ಬೇಕಿರಲಿಲ್ಲ. ಕರಿಹಲಗೆ ಮತ್ತು ಸೀಮೆಸುಣ್ಣ ಸಾಕಾದವು. ಟೈಪಿಂಗ್ ಕ್ಲಾಸು ಅರ್ಥವಿಲ್ಲದ ರೂಪವನ್ನು ಕಲಿಸಿದರೆ ಪ್ರಭುಗಳು ಅರ್ಥದ ಮೂಲಕ ರೂಪವನ್ನು ಕಲಿಸಹೊರಟರು. ಲೋಕಲ್ ಗಾಡಿಯ ವೇಳಾಪಟ್ಟಿಯನ್ನೇ ಪಂಚಾಂಗವಾಗಿ ಓದುವ ಮುಂಬಯಿಯ ಕನ್ನಡಿಗನು, ಯಾರೂ ಹೇಳಿಕೊಡದೆ, ಈ ಎರಡನೆಯ ವಿಧಾನದ ವಿದ್ಯಾರ್ಥಿಯೂ ಆಗಿದ್ದನೆಂದು ಹೇಳಿದರೆ ಅವರು ಆಕ್ಷೇಪಿಸಲಾರರು.

ಇನ್ನು ಅಸ್ಮಿತೆಯ ಮಾತು. ಪರದೇಶಕ್ಕೆ ಹೋದವನು ಪರಕೀಯನಾಗುವುದು ಲೋಕಸಿದ್ಧವಾದ ಸಂಗತಿ. ಆದರೆ ಮುಂಬಯಿಯ ಕನ್ನಡಿಗರಲ್ಲಿ ಒಂದು ವರ್ಗವು ಕೂತಲ್ಲಿಂದ ಏಳದೆಯೇ ಪರಕೀಯವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯವರಿಗೆ ಈ ನಗರವು ತಮ್ಮದೇ ರಾಜಧಾನಿ. ಮುಂಬಯಿ ವಿಶ್ವವಿದ್ಯಾಲಯವು ತಮ್ಮದೇ ವಿಶ್ವವಿದ್ಯಾಲಯ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ವಿಶಾಲ ಮೈಸೂರಿಗೆ ಸೇರಿದವು. 1960ರ ಮೇ 1ರಂದು ಮುಂಬಯಿಯು ಮಹಾರಾಷ್ಟ್ರದ ರಾಜಧಾನಿಯಾಯಿತು. ಕರ್ನಾಟಕದ ಏಕೀಕರಣಕ್ಕಾಗಿ ಮಾಟುಂಗದ, ದಾದರದ ಸಭೆಗಳಲ್ಲಿ ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಹೊರನಾಡ ಕನ್ನಡಿಗರ ಕೈಗಳಾದವು. ಮದರಾಸು ಪ್ರಾಂತದಿಂದ ಬಂದ ದಕ್ಷಿಣ ಕನ್ನಡದವರಿಗೆ ಈ ಸಂಕಟ ಹೊಸದಲ್ಲ. ಅವರನ್ನು ನಗರವು ಮೊದಲಿನಿಂದಲೂ ಮದರಾಸಿಗಳೆಂದೇ ಕರೆಯುತ್ತಿತ್ತು.

ಆ ಹೆಸರಿಗೆ ಬೆಲೆ ತೆರಬೇಕಾದ ಕಾಲವೂ ಬಂದಿತು. 1960ರಲ್ಲಿ ಆರಂಭವಾದ ಮಾರ್ಮಿಕ್ ವಾರಪತ್ರಿಕೆಯು ನಗರದ ಆಫೀಸುಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಅಚ್ಚುಹಾಕತೊಡಗಿತು. 1966ರಲ್ಲಿ ಶಿವಸೇನೆಯು ಸ್ಥಾಪನೆಗೊಂಡು, ಗುಮಾಸ್ತಗಿರಿಯನ್ನೂ ಬೆರಳಚ್ಚನ್ನೂ ದಕ್ಷಿಣದವರು ಕಬಳಿಸಿದರೆಂಬ ದೂರು ಬೀದಿಯ ಘೋಷಣೆಯಾಯಿತು. ಅನ್ನವನ್ನು ಕೊಟ್ಟ ಬೆರಳಚ್ಚಿನ ಇಂಗ್ಲಿಷೇ ಈಗ ಆರೋಪಪಟ್ಟಿಯಲ್ಲಿ ಕಾಣಿಸಿಕೊಂಡಿತು. ಇಂಗ್ಲಿಷಿನ ಮುಂದೆ ತಾನು ಅರ್ಧಂಬರ್ಧ ಕಲಿತವನೆಂಬ ಸಂಕೋಚ, ಮರಾಠಿಯ ಮುಂದೆ ತಾನು ನುಗ್ಗಿಬಂದವನೆಂಬ ಭೀತಿ, ಊರಿಗೆ ಹೋದಾಗ ಮುಂಬಯಿಯವನೆಂಬ ಬಿರುದು, ಈ ಮೂರರ ನಡುವೆ ನಿಂತವನ ಸ್ಥಿತಿಯನ್ನು ಆಳಿದವರು ಮತ್ತು ಆಳಿಸಿಕೊಂಡವರು ಎಂಬ ಎರಡೇ ಪಾತ್ರಗಳ ನಾಟಕವಾಗಿ ಬರೆಯಲು ಬಾರದು. ವಸಾಹತೋತ್ತರ ವಿಮರ್ಶೆಯು, ಅದರ ಬಹುಶ್ರುತ ಆಚಾರ್ಯರಲ್ಲೊಬ್ಬರಾದ ಹೋಮಿ ಭಾಭಾ ಇದೇ ಮುಂಬಯಿಯಲ್ಲಿ ಹುಟ್ಟಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದವರಾದರೂ, ಈ ಮೂರನೆಯ ಪಾತ್ರವನ್ನು ಸಾಕಷ್ಟು ಗಮನಿಸಿತೆಂದು ನನಗೆ ತೋರುವುದಿಲ್ಲ. ಆ ವಿಮರ್ಶೆಯ ಆಹಾರವು ಬಹುಪಾಲು ಇಂಗ್ಲಿಷಿನಲ್ಲಿ ಬರೆದ ಕಾದಂಬರಿ. ಮುಂಬಯಿಯ ಸ್ಟೆನೋ ತನ್ನ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆಯಲಿಲ್ಲ.

ಇದೇ ಈ ವಿಷಯದ ತಿರುಳೆಂದು ನಾನು ಎಣಿಸುತ್ತೇನೆ. ಟ್ರಿನಿಡಾಡಿನ ವಿ. ಎಸ್. ನೈಪಾಲರು 1961ರಲ್ಲಿ ಪ್ರಕಟಿಸಿದ, ಬಿಸ್ವಾಸನೆಂಬಾತನ ಮನೆಯ ಕಥೆಯಲ್ಲಿ, ನಾಯಕನು ಲಂಡನ್ನಿನ ಪತ್ರಿಕಾವ್ಯವಸಾಯದ ಶಾಲೆಯೊಂದರಿಂದ ಅಂಚೆಯ ಮೂಲಕ ಪಾಠಗಳನ್ನು ತರಿಸಿಕೊಳ್ಳುತ್ತಾನೆ. ಆ ಪಾಠಗಳು ಬೇಸಗೆಯನ್ನೂ ಎಲೆಯುದುರುವ ಕಾಲವನ್ನೂ ಕುರಿತು ಬರೆಯಹೇಳುತ್ತವೆ, ಬರೆಯುವವನಾದರೋ ಉಷ್ಣವಲಯದ ದ್ವೀಪದಲ್ಲಿ ಬೆವರುತ್ತ ಕೂತವನು. ಭಾಷೆಯೊಡನೆ ಋತುಗಳನ್ನೂ ಎರವಲು ತರಬೇಕಾದವನ ಆ ಹಾಸ್ಯಾಸ್ಪದ ದುಃಖವು ಕೆರಿಬಿಯನ್ನಿನ ವಲಸೆಗಾರರಿಗೆ ಸಹಜ. ಏಕೆಂದರೆ ಅವರಿಗೆ ಬರೆಯುವುದಕ್ಕೆ ಬೇರೆ ಭಾಷೆಯೇ ಉಳಿದಿರಲಿಲ್ಲ. ಮುಂಬಯಿಯ ಕನ್ನಡಿಗನಿಗೆ ಉಳಿದಿತ್ತು. ಹಗಲು ಹತ್ತರಿಂದ ಐದರವರೆಗೆ ಇಂಗ್ಲಿಷಿನಲ್ಲಿ ವರದಿಗಳನ್ನು ಬರೆದು, ಗಾಡಿಯಲ್ಲಿ ಹಿಂದಿ ಮರಾಠಿಗಳಲ್ಲಿ ಜಗಳಾಡಿ, ಮನೆಗೆ ಬಂದು ಕನ್ನಡದಲ್ಲಿ ಕಥೆ ಬರೆಯುವ ಲೇಖಕರ ಒಂದು ಪರಂಪರೆಯೇ ಇಲ್ಲಿ ಬೆಳೆಯಿತು.

ವ್ಯಾಸರಾಯ ಬಲ್ಲಾಳರು ಉಡುಪಿಯ ಬಳಿಯ ಅಂಬಲಪಾಡಿಯಿಂದ ಬಂದು ಎಣ್ಣೆಯ ಕಂಪನಿಯೊಂದರಲ್ಲಿ ದುಡಿದವರು. ನುಡಿ ವಾರಪತ್ರಿಕೆಯನ್ನು ಇದೇ ನಗರದಿಂದ ನಡೆಸಿದವರು. ಅವರಿಗೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದ ಬಂಡಾಯ ಕಾದಂಬರಿಯ ವಸ್ತು ಮುಂಬಯಿಯ ಕಾರ್ಮಿಕ ಸಂಘಟನೆಯ ಜಗತ್ತು. ಕಂಪನಿಯ ಆಡಳಿತವು ಇಂಗ್ಲಿಷಿನಲ್ಲಿ ಆಲೋಚಿಸುತ್ತದೆ, ಮುಷ್ಕರವು ಬೇರೆ ಭಾಷೆಗಳಲ್ಲಿ ನಡೆಯುತ್ತದೆ, ಇವೆರಡನ್ನೂ ಬಲ್ಲ ಮಧ್ಯಮವರ್ಗದ ನೌಕರನು ಎತ್ತ ನಿಲ್ಲಬೇಕೆಂದು ತಿಳಿಯದೆ ನಡುವೆ ತೊಳಲುತ್ತಾನೆ. ಅವನ ತೊಳಲಾಟವನ್ನು ಒಳಗಿನಿಂದ ಬಲ್ಲ ಲೇಖಕರಲ್ಲಿ ಬಲ್ಲಾಳರು ಮೊದಲಿಗರು.

ಯಶವಂತ ಚಿತ್ತಾಲರ ವಿಷಯದಲ್ಲಿ ಮಾಟುಂಗದ ಸಂಬಂಧವು ಇನ್ನೂ ನಿಕಟವಾದುದು. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ 1928ರಲ್ಲಿ ಜನಿಸಿದ ಅವರು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ಶಿಕ್ಷಣವನ್ನು ಪಡೆದು, ಅಮೆರಿಕದ ನ್ಯೂಜರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗ ಮಾಡಿ, ಜೀವಮಾನವನ್ನು ಪ್ಲಾಸ್ಟಿಕ್ ಉದ್ಯಮದಲ್ಲಿ ಕಳೆದರು. ಪಾಲಿಮರುಗಳನ್ನು ಕುರಿತ ಅವರ ವೃತ್ತಿಯ ಬರಹವು ಇಂಗ್ಲಿಷಿನದು. ಮನುಷ್ಯನನ್ನು ಕುರಿತದ್ದು ಕನ್ನಡದ್ದು. 1979ರಲ್ಲಿ ಪ್ರಕಟವಾದ ಶಿಕಾರಿಯಲ್ಲಿ ನಾಗಪ್ಪನೆಂಬ ಕಂಪನಿಯ ಅಧಿಕಾರಿ, ಏರಿದ ಪದವಿಯಲ್ಲಿ ಚೆನ್ನಾಗಿ ಕೂರುವ ಮೊದಲೇ, ಕಾರಣವನ್ನು ಸ್ಪಷ್ಟಪಡಿಸದ ಒಂದು ಆಜ್ಞೆಯಿಂದ ಅಮಾನತಿನಲ್ಲಿಡಲ್ಪಡುತ್ತಾನೆ. ಕಂಪನಿಯ ಕಾಗದಗಳ ಆ ನಿರ್ವಿಕಾರ ಭಾಷೆಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದುದು ಟೈಪಿಂಗ್ ಕ್ಲಾಸಿನ ಪತ್ರಲೇಖನದ ಮಾದರಿಗಳೇ. ಅಲ್ಲಿ ವಿಧೇಯ ಸೇವಕನು ಮೇಲಕ್ಕೆ ಬರೆಯುತ್ತಾನೆ. ಇಲ್ಲಿ ಮೇಲಿನಿಂದ ಬರುವ ಉತ್ತರದಲ್ಲಿ ಬರೆದವನೇ ಕಾಣಿಸುವುದಿಲ್ಲ. ನಾಗಪ್ಪನಿಗೆ ಇಂಗ್ಲಿಷಿನ ಕೊರತೆಯಿಲ್ಲ. ಅವನು ಕಲಿತವನು, ಬಲ್ಲವನು. ಆದರೆ ಆ ಭಾಷೆಯ ಒಳಗಿದ್ದುಕೊಂಡೇ ಅವನು ಬೇಟೆಯ ಮಿಗವಾಗುತ್ತಾನೆ, ಮತ್ತು ತನ್ನ ಭಯದ ಬೇರುಗಳನ್ನು ಹುಡುಕಲು ಬಾಲ್ಯದ ಕಡೆಗೆ, ಅಂದರೆ ಬೇರೊಂದು ಮಾತಿನ ಕಡೆಗೆ, ಹಿಂದಿರುಗಬೇಕಾಗುತ್ತದೆ. ಭಾಷೆಯಲ್ಲಿ ಪ್ರಾವೀಣ್ಯ ದೊರೆತೊಡನೆ ಅಧಿಕಾರವೂ ದೊರೆಯುವುದೆಂಬ ನಮ್ಮ ಶಿಕ್ಷಣಶಾಸ್ತ್ರದ ಗೃಹೀತವನ್ನು ಇಷ್ಟು ನಿರ್ದಯವಾಗಿ ಪರೀಕ್ಷಿಸಿದ ಕಾದಂಬರಿ ಕನ್ನಡದಲ್ಲಿ ಇನ್ನೊಂದಿಲ್ಲ.

ಗೋಕರ್ಣದಿಂದ ಬಂದು ಜೀವರಸಾಯನಶಾಸ್ತ್ರಜ್ಞರಾಗಿ ಎರಡು ದಶಕಗಳಿಗೂ ಮಿಕ್ಕಿ ಈ ನಗರದಲ್ಲಿ ದುಡಿದ ಜಯಂತ ಕಾಯ್ಕಿಣಿಯವರ ಕಥೆಗಳಿಗೆ ಬರುವ ವೇಳೆಗೆ ಇಂಗ್ಲಿಷು ಆಫೀಸಿನಿಂದ ಬೀದಿಗೆ ಇಳಿದಿರುತ್ತದೆ. ನೋ ಪ್ರೆಸೆಂಟ್ಸ್ ಪ್ಲೀಸ್ ಎಂಬ ಅವರ ಕಥೆಯಲ್ಲಿ, ಹಿಂದೆ ನಿಲ್ಲಲು ಬಂಧುಬಳಗವಿಲ್ಲದ ಪೋಪಟ್ ಮತ್ತು ಅಸಾವರಿ ಎಂಬಿಬ್ಬರು ತಮ್ಮ ಮದುವೆಯ ಕರೆಯೋಲೆಯ ಒಕ್ಕಣೆಯನ್ನು ಕುರಿತು ಜಿಜ್ಞಾಸೆಗೆ ತೊಡಗುತ್ತಾರೆ; ಅಚ್ಚಾಗಬೇಕಾದ ಹೆಸರು ಯಾವುದು, ಆ ಹೆಸರು ಯಾರ ಕುಲವನ್ನು ಸೂಚಿಸಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಕರೆಯೋಲೆಯ ಕೆಳಗೆ ಅಚ್ಚಾಗುವ ಆ ಇಂಗ್ಲಿಷ್ ಸಾಲನ್ನು ಯಾವ ಶಾಲೆಯೂ ಪೋಪಟನಿಗೆ ಕಲಿಸಿದ್ದಲ್ಲ. ಅದು ನಗರದ ಗಾಳಿಯಲ್ಲಿದ್ದ ಸಾಲು, ಸಭ್ಯರ ಮದುವೆಗಳಲ್ಲಿ ಇರುವ ಸಾಲು, ಆದುದರಿಂದ ತಮ್ಮ ಮದುವೆಯಲ್ಲಿಯೂ ಇರಬೇಕಾದ ಸಾಲು. ಉಡುಗೊರೆ ತರುವವರೇ ಇಲ್ಲದವರು ಉಡುಗೊರೆ ಬೇಡವೆನ್ನುವುದರಲ್ಲಿ ಎಷ್ಟು ಆಸೆ ಅಡಗಿದೆಯೆಂಬುದನ್ನು ಅಳೆಯಲು ಯಾವ ಭಾಷಾಪರೀಕ್ಷೆಗೂ ಸಾಧ್ಯವಿಲ್ಲ. ಈ ಪಾತ್ರಗಳು ಕನ್ನಡಿಗರೂ ಅಲ್ಲವೆಂಬುದನ್ನು ಗಮನಿಸಬೇಕು. ವಲಸೆ ಬಂದವನು ತನ್ನವರ ಕಥೆಯನ್ನಷ್ಟೇ ಹೇಳಬೇಕೆಂಬ ಕಟ್ಟಳೆಯನ್ನು ಕಾಯ್ಕಿಣಿಯವರ ಕನ್ನಡವು ಮುರಿದು, ನಗರದ ಎಲ್ಲ ನಿರ್ವಾಸಿತರಿಗೂ ಬಾಯಾಯಿತು.

ಇನ್ನು ಇಂದಿನ ಯಂತ್ರಗಳ ಕಡೆಗೆ ತಿರುಗೋಣ. ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ; ತನ್ನ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಪಠ್ಯವನ್ನು ತುಂಬಿದ ಟ್ಯಾಬ್‌ಗಳನ್ನು ಕೊಡುವ ಯೋಜನೆಯನ್ನು 2015ರಲ್ಲಿ ಆರಂಭಿಸಿತು. 2019ರಲ್ಲಿ ಗೂಗಲ್ ಸಂಸ್ಥೆಯು ಭಾರತದ ಮಕ್ಕಳಿಗಾಗಿ ಬೋಲೋ ಎಂಬ ಆಪನ್ನು ಹೊರತಂದಿತು. ಅದರಲ್ಲಿ ದಿಯಾ ಎಂಬ ಚಿತ್ರರೂಪದ ಹುಡುಗಿಯು ಮಗು ಗಟ್ಟಿಯಾಗಿ ಓದುವುದನ್ನು ಕೇಳಿಸಿಕೊಂಡು, ಎಡವಿದಲ್ಲಿ ತಿದ್ದಿ, ಸರಿಯಾದಲ್ಲಿ ಹೊಗಳುತ್ತಾಳೆ. ಇದರ ಹಿಂದಿನ ಉಪಾಯವು ಸ್ಥೂಲವಾಗಿ ಇಷ್ಟೆ: ಅಸಂಖ್ಯ ಜನರ ಮಾತಿನ ಧ್ವನಿಮುದ್ರಣಗಳಿಂದ ಯಂತ್ರವು ಪ್ರತಿಯೊಂದು ಶಬ್ದಕ್ಕೆ ಸಂಭವನೀಯವಾದ ಧ್ವನಿಯ ಮಾದರಿಯನ್ನು ಕಟ್ಟಿಕೊಂಡಿರುತ್ತದೆ, ಕಲಿಯುವವನ ಧ್ವನಿಯು ಆ ಮಾದರಿಗೆ ಎಷ್ಟು ಸಮೀಪವೆಂದು ಅಳೆದು ಅಂಕವನ್ನು ಕೊಡುತ್ತದೆ. ಇದರಲ್ಲಿ ಒಂದು ಮಹೋಪಕಾರವಿದೆ. ಅದನ್ನು ಒಪ್ಪದಿರುವುದು ಅನ್ಯಾಯ. ಯಂತ್ರವು ನಗುವುದಿಲ್ಲ. ರಾತ್ರಿಶಾಲೆಯ ಹುಡುಗನು ಇಂಗ್ಲಿಷ್ ಮಾತನಾಡದಿದ್ದುದು ಶಬ್ದಗಳು ತಿಳಿಯದೆ ಅಲ್ಲ, ಪಕ್ಕದವನು ನಕ್ಕಾನೆಂಬ ನಾಚಿಕೆಯಿಂದ. ಕದ ಮುಚ್ಚಿದ ಕೋಣೆಯಲ್ಲಿ ಒಂದೇ ವಾಕ್ಯವನ್ನು ಐವತ್ತು ಸಲ ತಪ್ಪಾಗಿ ಹೇಳಿಯೂ ಮಾನಭಂಗವಾಗದಿರುವ ಸೌಲಭ್ಯವು ಹಿಂದಿನ ಯಾವ ಪೀಳಿಗೆಗೂ ಇರಲಿಲ್ಲ.

ಆದರೆ ಮಾದರಿಯು ಯಾರ ಬಾಯಿಯದು ಎಂಬ ಪ್ರಶ್ನೆಯು ಉಳಿದೇ ಉಳಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಐದು ದೊಡ್ಡ ಕಂಪನಿಗಳ ಧ್ವನಿಗ್ರಾಹಕ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಬಿಳಿಯ ಅಮೆರಿಕನ್ನರ ಮಾತಿನಲ್ಲಿ ನೂರು ಶಬ್ದಗಳಿಗೆ ಸರಾಸರಿ 19ನ್ನು ತಪ್ಪಾಗಿ ಗ್ರಹಿಸಿದ ಆ ಯಂತ್ರಗಳು ಕಪ್ಪು ಜನರ ಮಾತಿನಲ್ಲಿ 35ನ್ನು ತಪ್ಪಾಗಿ ಗ್ರಹಿಸಿದುವು. ಇಂಗ್ಲಿಷೇ ಮನೆಮಾತಾಗಿರುವವರ ಪಾಡು ಇದಾದರೆ, ವ್ಯಂಜನದಲ್ಲಿ ಕೊನೆಗೊಳ್ಳುವ ಶಬ್ದಕ್ಕೆ ಉಕಾರವನ್ನು ಸೇರಿಸದೆ ನಾಲಗೆ ಒಪ್ಪದ ಕುಂದಾಪುರದವನ ಪಾಡೇನೆಂದು ಕೇಳಬೇಕಾಗಿಲ್ಲ. ಬರ್ನಾರ್ಡ್ ಶಾ ತನ್ನ ಪಿಗ್ಮೇಲಿಯನ್ ನಾಟಕದಲ್ಲಿ ಧ್ವನಿಶಾಸ್ತ್ರಜ್ಞನ ಪ್ರಯೋಗಶಾಲೆಗೆ ಫೋನೋಗ್ರಾಫನ್ನು ತಂದಿಟ್ಟು, ಹೂ ಮಾರುವ ಹುಡುಗಿಯನ್ನು ಅದರ ಮುಂದೆ ಕೂರಿಸಿ ನೂರು ವರ್ಷಗಳು ಕಳೆದಿವೆ, ಮರಾಠಿಯ ಪು. ಲ. ದೇಶಪಾಂಡೆಯವರು ಅದನ್ನು ತೀ ಫುಲರಾಣಿಯಾಗಿ 1975ರಲ್ಲಿ ಮುಂಬಯಿಯ ರಂಗಕ್ಕೆ ಏರಿಸಿದರು. ಉಚ್ಚಾರಣೆಯನ್ನು ಬದಲಿಸುವುದು ಸುಲಭ, ಬದಲಾದ ಉಚ್ಚಾರಣೆಯನ್ನು ಹೊತ್ತುಕೊಂಡು ಆ ಹುಡುಗಿ ಎಲ್ಲಿಗೆ ಹೋಗಬೇಕು ಎಂಬುದು ಕಷ್ಟವೆಂದು ಶಾ ಬಲ್ಲವನಾಗಿದ್ದ. ಆಪನ್ನು ತಯಾರಿಸುವವರು ಆ ನಾಟಕದ ಮೊದಲ ಅರ್ಧವನ್ನು ಮಾತ್ರ ಓದಿದಂತೆ ತೋರುತ್ತದೆ.

ಇದೇ ನಗರದಲ್ಲಿ ದುಡಿದ ಒಬ್ಬರ ಕೈಯಲ್ಲಿ ತಂತ್ರಜ್ಞಾನವು ಒಮ್ಮೆ ಹಿಮ್ಮುಖವಾಗಿಯೂ ಹರಿದಿದೆ. ಕಿನ್ನಿಕಂಬಳ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದು ಪ್ರಸಿದ್ಧರಾದವರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ ಅನಂತರ ಟಾಟಾ ಪ್ರೆಸ್ಸಿನಲ್ಲಿಯೂ ಕೆಲಸಮಾಡಿ, ಅಚ್ಚುಮೊಳೆಯ ಯುಗವು ಗಣಕಯುಗವಾಗಿ ಮಾರ್ಪಡುವುದನ್ನು ಕಣ್ಣಾರೆ ಕಂಡವರು. ಟೈಪಿಂಗ್ ಕ್ಲಾಸಿನ ಆ ಇಂಗ್ಲಿಷ್ ಕೀಲಿಮಣೆಯಲ್ಲಿಯೇ, ಕೆ ಎಂಬುದನ್ನು ಒತ್ತಿದರೆ ಕಕಾರ, ಜಿ ಎಂಬುದನ್ನು ಒತ್ತಿದರೆ ಗಕಾರ ಮೂಡುವಂತೆ, ಧ್ವನಿಯ ಅನುಸಾರವಾಗಿ ಕನ್ನಡವನ್ನು ಬರೆಯುವ ವಿನ್ಯಾಸವನ್ನು ಅವರು ರೂಪಿಸಿದರು. ಕನ್ನಡದ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ ತಂತ್ರಾಂಶದಲ್ಲಿ ಅದನ್ನು ಅಳವಡಿಸಿದರು. ಮುಂದೆ ಕರ್ನಾಟಕ ಸರಕಾರವು ಮಾನ್ಯಮಾಡಿದ ವಿನ್ಯಾಸದ ಮೂಲವೂ ಇದೇ. ಪರಭಾಷೆಗಾಗಿ ಪಳಗಿದ ಬೆರಳುಗಳು ಹೊಸ ಪಾಠವೇನನ್ನೂ ಕಲಿಯದೆ ಸ್ವಭಾಷೆಯನ್ನು ಬರೆಯಲು ಸಾಧ್ಯವಾಯಿತು. ಅಕ್ಷರಗಳನ್ನು ಪರುಷ ಸರಳಗಳಾಗಿ ವಿಂಗಡಿಸಿದ ನಮ್ಮ ವ್ಯಾಕರಣವನ್ನು ಬಲ್ಲವರಿಗೇ ಹೊಳೆಯಬಹುದಾಗಿದ್ದ ಉಪಾಯವಿದು.

ಇತ್ತ ಮಾಟುಂಗದ ಮಾಳಿಗೆಯಲ್ಲಿ ಶೀಘ್ರಲಿಪಿ ಕಲಿತವರ ಮೊಮ್ಮಕ್ಕಳು ಈಗ ಡೊಂಬಿವಲಿ, ಬೊರಿವಲಿ, ನವಿಮುಂಬಯಿಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಓದುತ್ತಾರೆ. ಇವರಲ್ಲಿ ಹಲವರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡಬಲ್ಲರು, ಕನ್ನಡ ಅಕ್ಷರವನ್ನು ಮಾತ್ರ ಓದಲಾರರು. ಅವರ ಪಾಲಿಗೆ ಮುಂಬಯಿಯ ಕನ್ನಡ ಕಥನವು ದೊರೆಯುವುದು ಇಂಗ್ಲಿಷಿನಲ್ಲಿಯೇ. ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಬಂದ ಕಾಯ್ಕಿಣಿಯವರ ಮುಂಬಯಿ ಕಥೆಗಳಿಗೆ 2019ರ ಜನವರಿಯಲ್ಲಿ ದಕ್ಷಿಣ ಏಷ್ಯದ ಸಾಹಿತ್ಯಕ್ಕೆ ಮೀಸಲಾದ ಡಿಎಸ್‌ಸಿ ಬಹುಮಾನವು ಸಂದಿತು. ಅನುವಾದವೊಂದಕ್ಕೆ ಆ ಬಹುಮಾನ ದೊರೆತುದು ಅದೇ ಮೊದಲು. ಚಿತ್ತಾಲರ ಶಿಕಾರಿಯೂ ಇಂಗ್ಲಿಷಿಗೆ ಬಂದಿದೆ. ಅಜ್ಜನು ಅನ್ನಕ್ಕಾಗಿ ಕಲಿತ ಭಾಷೆಯ ಮೂಲಕ ಮೊಮ್ಮಗಳು ಅಜ್ಜನ ಕಾಲದ ಕಥೆಯನ್ನು ತಿಳಿಯಬೇಕಾಗಿ ಬಂದಿರುವುದನ್ನು ಕೆಲವರು ಕನ್ನಡದ ಸೋಲೆಂದು ಕರೆಯುತ್ತಾರೆ. ನಾನು ಹಾಗೆನ್ನಲಾರೆ. ಓದದೆ ಇರುವುದಕ್ಕಿಂತ ಇಂಗ್ಲಿಷಿನಲ್ಲಿಯಾದರೂ ಓದುವುದು ಲೇಸು.

ಆದರೂ, ಓದಲಾರದವರು ಕೇಳಬಲ್ಲರೆಂಬ ಸಂಗತಿಯನ್ನು ನಾವು ಏಕೆ ಬಳಸಿಕೊಳ್ಳಬಾರದು? ಕನ್ನಡ ಪುಟವನ್ನು ಗಟ್ಟಿಯಾಗಿ ಓದಿಹೇಳುವ ಯಂತ್ರಗಳು ಈಗ ಬಂದಿವೆ. ಆದರೆ ಅವುಗಳ ಕನ್ನಡವೂ ಆಪಿನ ಇಂಗ್ಲಿಷಿನಂತೆಯೇ ಯಾವ ಊರಿಗೂ ಸೇರದ ಒಂದು ಸಮತಲದ ಧ್ವನಿ. ಹನೇಹಳ್ಳಿಯ ಮಾತು, ಕುಂದಾಪುರದ ಮಾತು, ಅದರ ನಡುವೆ ನುಗ್ಗಿಬರುವ ಮುಂಬಯಿಯ ಹಿಂದಿ, ಆಫೀಸಿನ ಇಂಗ್ಲಿಷು, ಇವನ್ನು ಒಂದೇ ಉಸಿರಿನಲ್ಲಿ ಸರಿಯಾಗಿ ನುಡಿಯಬಲ್ಲವರು ನಿವೃತ್ತರಾದ ಆ ಹಳೆಯ ಗುಮಾಸ್ತರು, ಸ್ಟೆನೋಗಳು ಮತ್ತು ರಾತ್ರಿಶಾಲೆಯ ಮೇಷ್ಟರುಗಳೇ. ಅವರಲ್ಲಿ ಅನೇಕರು ಈ ನಗರದಲ್ಲಿ ಇನ್ನೂ ಇದ್ದಾರೆ. ಸಂಘಗಳ ಸಭೆಗಳಿಗೆ ಬರುತ್ತಾರೆ. ಬಲ್ಲಾಳರ, ಚಿತ್ತಾಲರ, ಕಾಯ್ಕಿಣಿಯವರ ಕಥೆಗಳನ್ನು, ಹಕ್ಕುಳ್ಳವರ ಒಪ್ಪಿಗೆಯನ್ನು ಪಡೆದು, ಇಂಥವರ ಬಾಯಿಂದ ಓದಿಸಿ ಧ್ವನಿಮುದ್ರಿಸುವ ಕೆಲಸವನ್ನು ಮಾಟುಂಗದ ಸಂಸ್ಥೆಗಳಲ್ಲಿ ಯಾವುದಾದರೂ ಒಂದು ಕೈಗೆತ್ತಿಕೊಳ್ಳುವುದಾದರೆ, ಅದಕ್ಕೆ ಬೇಕಾಗುವುದು ಸದ್ದಿಲ್ಲದ ಒಂದು ಕೋಣೆ, ಒಂದು ಮೊಬೈಲು ಮತ್ತು ಕೆಲವು ಭಾನುವಾರಗಳು.